ಮೆಟ್ಲುಬೀಡಿನ ಏಳು ನೀರುಗಂಡಿ

ಬಹಳ ಬಹಳ ಹಿಂದೆ, ಆಮೆಗೂ ಕೊಕ್ಕರೆಗೂ ನಮ್ಮ ಹಾಗೇ ಮಾತು ಬರುತ್ತಿದ್ದ ಕಾಲದಲ್ಲಿ, ಹಿರೇನೀರು ಎನ್ನುವ ಕೆರೆಯ ದಂಡೆಯಲ್ಲಿ ಮೆಟ್ಲುಬೀಡು ಅಂತ ಒಂದು ರಾಜ್ಯ ಇತ್ತು. ಕೆರೆ ಅಂದರೆ ಅಂಥಿಂಥ ಕೆರೆಯಲ್ಲ, ಈ ದಡದಲ್ಲಿ ನಿಂತವರಿಗೆ ಆ ದಡ ಕಾಣದು. ಊರು ಅಂದರೆ ಅಂಥಿಂಥ ಊರಲ್ಲ, ಗುಡ್ಡದ ಇಳಿಜಾರಿನ ಮೇಲೆ ಮೆಟ್ಟಿಲು ಜೋಡಿಸಿದ ಹಾಗೆ ಮನೆಗಳು. ಎಲ್ಲಕ್ಕಿಂತ ಮೇಲೆ ಅರಮನೆ, ಎಲ್ಲಕ್ಕಿಂತ ಕೆಳಗೆ ನೀರು. ಗುಡ್ಡದ ಮಣ್ಣು ಜಾರಿ ಕೆರೆಗೆ ಬೀಳದ ಹಾಗೆ ನೀರಂಚಿನ ಉದ್ದಕ್ಕೂ ಒಂದು ಕಲ್ಲಿನ ತಡೆಗೋಡೆ ಕಟ್ಟಿದ್ದರು. ಎರಡಾಳು ಎತ್ತರದ ಗೋಡೆ. ಅದು ನಿಂತಿದ್ದರೆ ಊರು ನಿಂತೀತು, ಅದು ಬಿದ್ದರೆ ಊರೇ ಕೆರೆಪಾಲು.

ಆ ಗೋಡೆಯ ಬುಡದಲ್ಲಿ, ನೀರಿಗಿಂತ ಒಂದು ಗೇಣು ಮೇಲೆ, ಬೆಕ್ಕು ನುಸುಳುವಷ್ಟು ಅಗಲದ ಏಳು ಗಂಡಿಗಳಿದ್ದವು. ಗುಡ್ಡ ಕುಡಿದ ಮಳೆನೀರು ಆ ಗಂಡಿಗಳಿಂದ ತೊಟ್ಟು ತೊಟ್ಟಾಗಿ ಸೋರಿ ಕೆರೆಗೆ ಬೀಳುತ್ತಿತ್ತು. ಅವಕ್ಕೆ ನೀರುಗಂಡಿ ಅಂತ ಹೆಸರು. ಸೋರಿ ಸೋರಿ ಅದರ ಕೆಳಗೆ ಪಾಚಿ ಕಟ್ಟಿ, ಕಂದು ಬಣ್ಣದ ಕಲೆ ಇಳಿದಿತ್ತು. ನೋಡಲಿಕ್ಕೇನೂ ಚೆಂದ ಇರಲಿಲ್ಲ.

ಗೋಡೆಯ ಕೊನೆಯಲ್ಲಿ ಒಂದು ಗುಡಿಸಲು. ಅಲ್ಲಿ ಗೋಡೆ ಕಟ್ಟುವ ಭರಮಣ್ಣ, ಅವನ ಹೆಂಡತಿ ಈರಕ್ಕ, ಅವನ ತಾಯಿ ಮಾಳಮ್ಮ, ಮೂರೇ ಜನ. ಮಾಳಮ್ಮನಿಗೆ ವಯಸ್ಸಾಗಿ ಕಣ್ಣು ಕಾಣುತ್ತಿರಲಿಲ್ಲ. ಭರಮಣ್ಣನಿಗೆ ಹುಟ್ಟುವಾಗಲೇ ಎಡಗಾಲು ಹೆಬ್ಬೆರಳಷ್ಟು ಗಿಡ್ಡ. ಅದಕ್ಕೇ ಎಡಗಾಲಿನ ಚಪ್ಪಲಿಗೆ ಎರಡು ಪದರ ಹೆಚ್ಚಿಗೆ ತೊಗಲು ಹೊಲಿಸಿಕೊಂಡು, ಟಕ್ ಟಕ್ ಅಂತ ನಡೆಯುತ್ತಿದ್ದ.

ಗೋಡೆ ಕೆಲಸದವರಲ್ಲಿ ಒಂದು ರೂಢಿ ಇತ್ತು. ಗೋಡೆಯ ಮುಖ ಗಂಡಸರದು, ಬೆನ್ನು ಹೆಂಗಸರದು. ಗಂಡಸರು ಮುಂದೆ ನಿಂತು ದೊಡ್ಡ ಕಲ್ಲು ಕೂರಿಸುವರು. ಹೆಂಗಸರು ಹಿಂದೆ ಮಣ್ಣಿನ ಕಡೆ ನಿಂತು, ಗೋಡೆಗೂ ಗುಡ್ಡಕ್ಕೂ ನಡುವೆ ಬುಟ್ಟಿ ಬುಟ್ಟಿ ಗರಸು, ಅಂದರೆ ನೀರು ಇಳಿದುಹೋಗುವಂಥ ಕಲ್ಲಿನ ಚೂರು, ತುಂಬುವರು, ಕಲ್ಲು ಅಲ್ಲಾಡದ ಹಾಗೆ ಸಂದಿಗೆ ಚಕ್ಕೆಗಲ್ಲು ಕೊಡುವರು. ಮುಖವನ್ನು ಊರೆಲ್ಲ ನೋಡುತ್ತದೆ. ಬೆನ್ನನ್ನು ಯಾರೂ ನೋಡುವುದಿಲ್ಲ.

ಭರಮಣ್ಣ ಕಲ್ಲು ಕೂರಿಸುತ್ತ ಕೂರಿಸುತ್ತ, ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚುತ್ತಿದ್ದ. ಎರಡು ಬೆರಳು ಬಿಚ್ಚಿದರೆ ತೆಳು ಚಕ್ಕೆ, ಮೂರು ಬೆರಳು ಬಿಚ್ಚಿದರೆ ದಪ್ಪ ಚಕ್ಕೆ. ಈರಕ್ಕ ಸರಿಯಾದ ಚಕ್ಕೆಯನ್ನೇ ಆ ಕೈಯೊಳಗೆ ಇಡುತ್ತಿದ್ದಳು. ಅದು ಸಂದಿಯಲ್ಲಿ ಗಟ್ಟಿಯಾಗಿ ಕೂತರೆ ಭರಮಣ್ಣ "ಹ್ಞೂಂ" ಅನ್ನುತ್ತಿದ್ದ. ಮದುವೆಯಾಗಿ ಒಂಬತ್ತು ವರ್ಷ, ಹೊಗಳಿಕೆ ಅಂದರೆ ಅಷ್ಟೇ.

"ಅತ್ತೆ, ನಿಮ್ಮ ಮಗನ ಬಾಯಲ್ಲಿ ಬೇರೆ ಮಾತೇ ಇಲ್ಲವಾ?" ಅಂತ ಈರಕ್ಕ ಕೇಳಿದರೆ, ಮಾಳಮ್ಮ ನಗುತ್ತಿದ್ದಳು. "ಅವರಪ್ಪ ಅಷ್ಟೂ ಅಂತಿರಲಿಲ್ಲ ಕಣೇ. ನೀನು ಪುಣ್ಯ ಮಾಡಿದ್ದೆ."

ಹೀಗಿರುವಾಗ ಮೆಟ್ಲುಬೀಡಿನ ದೊರೆ ಗುಣವಂತರಾಯ ತನ್ನ ಮಗಳ ಮದುವೆ ಮಾಡಿದ. ಬಯಲುಸೀಮೆಯ ರಾಜ್ಯದಿಂದ ಬೀಗರು ಬಂದರು. ಅವರು ಗುಡ್ಡ ಕಂಡವರಲ್ಲ, ತಡೆಗೋಡೆ ಕಂಡವರಲ್ಲ. ದೋಣಿಯಲ್ಲಿ ಕೂತು ಕೆರೆ ಸುತ್ತುವಾಗ ಬೀಗರಾಜ ಗೋಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನು ಬೀಗರೇ, ನಿಮ್ಮ ಗೋಡೆಗೆ ನೆಗಡಿಯೇ? ಏಳೂ ಮೂಗಲ್ಲಿ ಸೋರುತ್ತಾ ಇದೆಯಲ್ಲ!" ದೋಣಿಯಲ್ಲಿದ್ದವರೆಲ್ಲ ನಕ್ಕರು. ಗುಣವಂತರಾಯ ಒಳ್ಳೆಯವನೇ, ಪಾಪ, ಆದರೆ ಬೀಗರ ಮುಂದೆ ನಗೆಪಾಟಲಾದರೆ ಯಾರಿಗೆ ತಾನೆ ಬೇಜಾರಾಗದು? ಆ ದಿನದಿಂದ ಅವನಿಗೆ ಗೋಡೆಯದೇ ಚಿಂತೆ.

ಅದನ್ನೇ ಕಾಯುತ್ತಿದ್ದವನ ಹಾಗೆ ಒಬ್ಬ ಮಾಂತ್ರಿಕ ಬಂದ. ಧವಳಾಂಗ ಅಂತ ಅವನ ಹೆಸರು. ತಲೆಯಿಂದ ಕಾಲಿನವರೆಗೆ ಬೆಳ್ಳಗೆ, ರೆಪ್ಪೆಯೂ ಬೆಳ್ಳಗೆ, ಉಗುರೂ ಬೆಳ್ಳಗೆ. ಬಿಸಿಲಿರಲಿ ಮೋಡವಿರಲಿ ದೊಡ್ಡದೊಂದು ಬಿಳಿ ಕೊಡೆ ಹಿಡಿದೇ ಇರುವನು. ಬಂದವರಿಗೆ ಕಾಲಿಗೆ ನೀರು ಕೊಡುವುದು ರೂಢಿಯಲ್ಲವೇ? ಕೊಟ್ಟರೆ ಹಾರಿ ಹಿಂದೆ ಸರಿದ. "ಬೇಡ ಬೇಡ, ನನಗೆ ನೀರು ಒಗ್ಗದು." ಕುಡಿಯಲು ಕೊಟ್ಟರೂ ಬೇಡ, ಸ್ನಾನಕ್ಕೆ ಕರೆದರೂ ಬೇಡ. ಮೂರು ಹೊತ್ತೂ ಹುರಿದ ಕಡಲೆ, ಒಣ ಮಂಡಕ್ಕಿ. "ಇದ್ಯಾವ ಸೀಮೆ ನೆಂಟ ಅಂತೀನಿ, ಒಂದು ಲೋಟ ಮಜ್ಜಿಗೆಯನ್ನೂ ಮುಟ್ಟಲ್ಲ" ಅಂತ ಅರಮನೆಯ ಅಡುಗೆಯವಳು ಗೊಣಗಿದಳು. ಅವಳ ಗೊಣಗಾಟ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ದೊರೆಯೇ, ನಿಮ್ಮ ಗೋಡೆಯ ನೆಗಡಿ ನಾನು ನಿಲ್ಲಿಸುತ್ತೇನೆ. ಹಾಲಿನ ಕೆನೆಯ ಹಾಗೆ ಬೆಳ್ಳಗೆ ಮಾಡಿಕೊಡುತ್ತೇನೆ. ಒಂದು ತೊಟ್ಟು ಸೋರಿದರೆ ನನ್ನನ್ನು ಬೇರೆ ಹೆಸರಿನಿಂದ ಕರೆಯಿರಿ" ಅಂದ. ದೊರೆ ಒಪ್ಪಿದ.

ಧವಳಾಂಗ ಮಂತ್ರದ ಗಾರೆಯನ್ನು ಗೋಡೆಗೆಲ್ಲ ಬಳಿದ. ಆದರೆ ಒಳಗಿನ ನೀರು ಬಿಟ್ಟೀತೇ? ಗಂಡಿ ಇದ್ದ ಕಡೆ ಗಾರೆಯನ್ನು ಒದ್ದು ಒದ್ದು ಹೊರಗೆ ಬಂತು. ಆಗ ಮಾಂತ್ರಿಕ ದೊರೆಗೆ ಹೇಳಿದ, "ಒಳ್ಳೆ ಕೆಲಸಗಾರರನ್ನು ಕಳಿಸಿ. ಒಂದು ದಿನಕ್ಕೆ ಒಬ್ಬ ಸಾಕು."

ಮೊದಲ ದಿನ ಒಬ್ಬ ಹೋದ, ವಾಪಸು ಬರಲಿಲ್ಲ. ಎರಡನೆಯ ದಿನ ಇನ್ನೊಬ್ಬ ಹೋದ, ಅವನೂ ಬರಲಿಲ್ಲ. ಹೀಗೆ ಆರು ದಿನ, ಆರು ಜನ. "ಅವರಿಗೆ ದೂರದೇಶದಲ್ಲಿ ದೊಡ್ಡ ಕೆಲಸ ಸಿಕ್ಕಿತು, ಶಾಲು ಹೊದಿಸಿ ಕಳಿಸಿದ್ದೇನೆ" ಅಂತ ಧವಳಾಂಗ ಹೇಳಿದ. ಏಳನೆಯ ದಿನ ಕರೆ ಬಂದದ್ದು ಭರಮಣ್ಣನಿಗೆ.

ಈರಕ್ಕ ಬುಟ್ಟಿ ಎತ್ತಿಕೊಂಡು ಹೊರಟಳು. ಧವಳಾಂಗ ಅಡ್ಡ ನಿಂತ. "ಹೆಂಗಸರು ಬೇಡ. ಬೆನ್ನಿನ ಕೆಲಸ ಏನೂ ಇಲ್ಲ."

ಭರಮಣ್ಣ ತಲೆ ಕೆರೆದುಕೊಂಡ. "ಚಕ್ಕೆ ಯಾರು ಕೊಡ್ತಾರೆ ಹಾಗಾದ್ರೆ?" ಅಂದ. ಒಂಬತ್ತು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ. ಟಕ್ ಟಕ್ ಅಂತ ನಡೆದು ಹೋದ.

ಸಂಜೆಯಾಯಿತು, ಅವನು ಬರಲಿಲ್ಲ. ಈರಕ್ಕ ಗೋಡೆಯ ಹತ್ತಿರ ಓಡಿದಳು. ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. ಒಂದು ಗಂಡಿ ಇಲ್ಲ, ಒಂದು ತೊಟ್ಟು ಇಲ್ಲ. ಬುಡದಲ್ಲಿ ಒಂದು ಜೊತೆ ಚಪ್ಪಲಿ ಮಾತ್ರ ಇತ್ತು, ಎಡಗಾಲಿನದು ಎರಡು ಪದರ ಎತ್ತರ. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಾಂತ್ರಿಕನ ಮುಂದೆ ನಿಂತಳು.

"ನಮ್ಮವರೆಲ್ಲಿ?"

"ದೂರದೇಶಕ್ಕೆ ಹೋದ. ದೊಡ್ಡ ಕೆಲಸ."

"ಕುಂಟುವವರು ಚಪ್ಪಲಿ ಇಲ್ಲೇ ಬಿಟ್ಟು ದೂರದೇಶಕ್ಕೆ ನಡೆದರಾ?"

ಧವಳಾಂಗನ ಬಿಳಿ ರೆಪ್ಪೆ ಒಂದು ಸಲ ಬಡಿಯಿತು. ಅವನು ಕೊಡೆ ತಿರುಗಿಸಿಕೊಂಡು ಹೊರಟುಹೋದ.

ಆಮೇಲೆ ಸಣ್ಣಗೆ ಮಳೆ ಹಿಡಿಯಿತು. ಒಂದು ದಿನ ಬಂತು, ಎರಡು ದಿನ ಬಂತು. ಊರಿನಲ್ಲಿ ಏನೇನೋ ಆಗತೊಡಗಿತು. ಮುಚ್ಚುವ ಬಾಗಿಲು ಮುಚ್ಚಲಿಲ್ಲ. ನೆಲದ ಮೇಲಿಟ್ಟ ಚೊಂಬು ತಾನಾಗಿ ಉರುಳಿತು. ಗೋಡೆ ನಡುವಿನಲ್ಲಿ ಹೊರಕ್ಕೆ ಉಬ್ಬಿ ಹೊಟ್ಟೆ ಬಿಟ್ಟಿತು. ಜನ ಹೆದರಿದರು. "ಇದೆಲ್ಲ ಕೆರೆಯ ಕಾಟ. ಕೆರೆ ಗೋಡೆಯನ್ನು ಎಳೆಯುತ್ತಿದೆ. ಇನ್ನೂ ಗಾರೆ ಬಳಿಯಬೇಕು" ಅಂದ ಧವಳಾಂಗ.

ಮಾಳಮ್ಮ ಗುಡಿಸಲಿನ ನೆಲದ ಮೇಲೆ ಅಂಗೈ ಇಟ್ಟು ನೋಡಿದಳು. "ಈರಿ, ನೆಲ ತುಂಬಿದ ಬಸುರಿಯ ಹೊಟ್ಟೆ ಹಾಗೆ ಬಿಗಿದಿದೆ ಕಣೇ. ಇದು ಒಳಗಿನ ನೋವು, ಹೊರಗಿನದಲ್ಲ."

"ಅತ್ತೆ, ನನಗೆ ನೆಲ ಬೇಡ, ಗೋಡೆ ಬೇಡ. ಅವರೆಲ್ಲಿದ್ದಾರೆ ಅಷ್ಟು ಹೇಳಿ" ಅಂತ ಈರಕ್ಕ ಅತ್ತೆಯ ಮಡಿಲಲ್ಲಿ ಮುಖ ಇಟ್ಟಳು.

ಮಾಳಮ್ಮ ಅವಳ ತಲೆ ಸವರಿದಳು. "ನನಗೆ ಕಣ್ಣಿದ್ದಿದ್ದರೆ ನಾನೇ ಹುಡುಕುತ್ತಿದ್ದೆ. ಗೋಡೆಯ ಮುಂದೆ ಇರೋರನ್ನ ಕೇಳು. ಗೋಡೆಯ ಬುಡದಲ್ಲಿ ಇರೋರನ್ನ ಕೇಳು. ಗೋಡೆಯ ಬೆನ್ನಲ್ಲಿ ಇರೋರನ್ನ ಕೇಳು. ಬರಿಗೈಲಿ ಹೋಗಬೇಡ, ಬುಟ್ಟಿ ತಗೊಂಡು ಹೋಗು."

ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬುಟ್ಟಿ ತಲೆಗಿಟ್ಟಳು, ಹೊರಟಳು.

ಗೋಡೆಯ ಮುಂದೆ ನೀರಿನಲ್ಲಿ ಒಂದು ಮುದಿ ಕೊಕ್ಕರೆ ನಿಂತಿತ್ತು. ಅದು ನಿಲ್ಲುತ್ತಿದ್ದ ಬಂಡೆ ಪಕ್ಕಕ್ಕೆ ವಾಲಿ, ಡಗಡಗ ಅಲ್ಲಾಡುತ್ತಿತ್ತು.

"ಕೊಕ್ಕರಕ್ಕಾ, ನಮ್ಮವರನ್ನು ಕಂಡೆಯಾ?"

"ಹೆಸರೇನು?"

ಗಂಡನ ಹೆಸರು ಹೇಗೆ ಹೇಳುವುದು? ಈರಕ್ಕ ನೆಲ ನೋಡಿದಳು. "ಅವರೇ... ಟಕ್ ಟಕ್ ಅಂತ ನಡೀತಾರಲ್ಲ, ಅವರು."

"ಕೊಡ್ತೀನಿ ಮಾತು, ಮೊದಲು ಮಾಡಿಕೊಡು ಕೆಲಸ" ಅಂತು ಕೊಕ್ಕರೆ. "ನೋಡು ನನ್ನ ಪಾಡು. ಒಂಟಿಕಾಲಲ್ಲಿ ನಿಂತರೆ ಬೀಳ್ತೀನಿ, ಎರಡು ಕಾಲಲ್ಲಿ ನಿಂತರೆ ನಮ್ಮ ಕುಲಕ್ಕೇ ಅವಮಾನ. ಈ ಬಂಡೆ ಅಲ್ಲಾಡದ ಹಾಗೆ ಮಾಡು."

ಈರಕ್ಕ ಬಂಡೆಯ ಸುತ್ತ ಕೈಯಾಡಿಸಿದಳು. ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಅಂತ ಬೆರಳಿಗೆ ತಿಳಿಯಿತು. ಒಂದು ಕಡೆ ದಪ್ಪ ಚಕ್ಕೆ, ಒಂದು ಕಡೆ ತೆಳು ಚಕ್ಕೆ ಕೊಟ್ಟು ಕಲ್ಲಿನಿಂದ ಬಡಿದಳು. ಬಂಡೆ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತು. ಕೊಕ್ಕರೆ ಒಂದು ಕಾಲು ಮಡಚಿ, ಕಣ್ಣು ಮುಚ್ಚಿ, "ಆಹಾ" ಅಂತು.

"ಕೇಳು ಮಗಳೇ. ಅವನು ಯಾರನ್ನೂ ದೂರದೇಶಕ್ಕೆ ಕಳಿಸಿಲ್ಲ. ನಾನಿಲ್ಲೇ ನಿಂತು ನೋಡಿದೆ. ಕೆಲಸಗಾರ ಬಗ್ಗಿ ಗಂಡಿಯೊಳಗೆ ಇಣುಕಿದ ಕೂಡಲೇ, ಮಾಂತ್ರಿಕ ಒಂದು ಹಿಡಿ ಬಿಳಿ ಪುಡಿ ಎರಚಿದ. ಮನುಷ್ಯ ಕುಗ್ಗಿ ಗಂಡಿಯಷ್ಟೇ ಗಾತ್ರದ ಕಲ್ಲಾದ. ಆ ಕಲ್ಲನ್ನು ಗಂಡಿಗೆ ತುರುಕಿ ಮೇಲೆ ಗಾರೆ ಬಳಿದ. ಏಳು ಗಂಡಿಗೆ ಏಳು ಜನ. ಜೀವ ಇರುವ ಕಲ್ಲನ್ನು ನೀರು ಒದೆಯೋದಿಲ್ಲವಂತೆ. ಆದರೆ ಯಾವ ಗಂಡಿಯಲ್ಲಿ ಯಾರು ಅಂತ ನನಗೆ ನೆನಪಿಲ್ಲ. ಬುಡದಲ್ಲಿ ಆಮೆಯಜ್ಜ ಇದ್ದಾನೆ, ಕೇಳು."

ಈರಕ್ಕ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬುಟ್ಟಿ ತಲೆಗಿಟ್ಟಳು, ಹೊರಟಳು.

ಗೋಡೆಯ ಬುಡದಲ್ಲಿ ನೀರೊಳಗೆ ಆಮೆಯಜ್ಜ ಇದ್ದ. ಬೆನ್ನು ಎತ್ತಿನಗಾಡಿಯ ಚಕ್ರದಷ್ಟು. ವಯಸ್ಸು ಗೋಡೆಗಿಂತ ಹೆಚ್ಚು.

"ಆಮೆಯಜ್ಜ, ಟಕ್ ಟಕ್ ಅಂತ ನಡೆಯೋ ನಮ್ಮವರನ್ನು ಬಿಡಿಸೋದು ಹೇಗೆ?"

"ಕೊಡ್ತೀನಿ ಮಾತು, ಮೊದಲು ಮಾಡಿಕೊಡು ಕೆಲಸ" ಅಂದ ಆಮೆಯಜ್ಜ. "ಅಲೆ ಬಡಿದು ಬಡಿದು ಗೋಡೆಯ ಪಾದ ಸವೆದಿದೆ. ಕೆಳಗೆ ನನ್ನ ಮೊಮ್ಮಕ್ಕಳ ಗೂಡು. ಗೋಡೆ ಕಾಲು ಜಾರಿದರೆ ಎಲ್ಲ ಅಪ್ಪಚ್ಚಿ. ಪಾದಕ್ಕೆ ಕಲ್ಲು ಕೊಡು."

ಈರಕ್ಕ ಸೊಂಟದುದ್ದ ನೀರಿಗಿಳಿದಳು. ದಡದಿಂದ ಒಂದೊಂದೇ ಗುಂಡುಕಲ್ಲು ಹೊತ್ತು ತಂದಳು. ದೊಡ್ಡದು ಕೆಳಗೆ, ಸಣ್ಣದು ಮೇಲೆ, ಬಂದ ಅಲೆ ಅಲ್ಲೇ ಮುರಿದು ಚದುರುವ ಹಾಗೆ ಇಳಿಜಾರಾಗಿ ಪೇರಿಸಿದಳು. ಬೆಳಗ್ಗೆ ಹಿಡಿದ ಕೆಲಸ ಮಧ್ಯಾಹ್ನ ಮುಗಿಯಿತು. ಭುಜ ಕೆಂಪಗೆ ಸುಲಿದಿತ್ತು. ಸಣ್ಣ ಸಣ್ಣ ಆಮೆಮರಿಗಳು ಬಂದು ಅವಳ ಕಾಲಿಗೆ ಮೂತಿ ತಾಗಿಸಿ ಹೋದವು.

"ಕೇಳು ಮಗಳೇ" ಅಂದ ಆಮೆಯಜ್ಜ. "ಆ ಮಂತ್ರದ ಗಾರೆಗೆ ಉಳಿ ತಾಗಿಸಿದರೆ ಉಳಿ ಮುರಿದೀತು, ಹಾರೆ ತಾಗಿಸಿದರೆ ಹಾರೆ ಬಾಗೀತು. ಅದಕ್ಕೆ ಹೆದರಿಕೆ ಹುಳಿ ಒಂದರದ್ದೇ. ಮನೆಯಲ್ಲಿ ಹುಣಸೆಹುಳಿ ಇದೆಯಾ?"

"ಒಂದು ಗಡಿಗೆ ತುಂಬ ಇದೆ ಅಜ್ಜ."

"ಕಿವುಚಿ ತಗೊಂಡು ಹೋಗು. ಹುಳಿ ಸುರಿದರೆ ಗಾರೆ ಕರಗಿ ಕಲ್ಲು ಕಾಣುತ್ತದೆ. ಆದರೆ ಜೋಕೆ. ಒಂದೇ ಸಲ, ಒಂದೇ ಕಲ್ಲು. ನಿನ್ನವನನ್ನೇ ಹಿಡಿದು ಎಳೆದರೆ ಮಾಯೆ ಬಿಡುತ್ತದೆ, ಏಳೂ ಜನ ಬದುಕುತ್ತಾರೆ. ತಪ್ಪಿ ಬೇರೆಯವನನ್ನು ಹಿಡಿದರೆ ನೀನೂ ಕಲ್ಲಾಗ್ತೀಯ. ಇನ್ನೊಂದು ಮಾತು. ಬೆನ್ನಿನ ಕಡೆ ಏನಾಗಿದೆ ಅಂತ ನನಗೆ ಕಾಣದು. ಹೋಗಿ ನೋಡಿಕೊಂಡು ಬಾ."

ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬುಟ್ಟಿ ತಲೆಗಿಟ್ಟಳು, ಗೋಡೆಯ ಮೇಲಕ್ಕೆ ಹತ್ತಿದಳು.

ಗೋಡೆಗೂ ಗುಡ್ಡಕ್ಕೂ ನಡುವೆ ಉದ್ದಕ್ಕೆ ಒಂದು ಬಿರುಕು ಬಿಟ್ಟಿತ್ತು. ಬಗ್ಗಿ ನೋಡಿದರೆ ಒಳಗೆ ಎರಡು ಕಣ್ಣು ಹೊಳೆದವು. ತೋಳುಗಾತ್ರದ ನಾಗರಹಾವು, ಮೊಟ್ಟೆಗಳನ್ನು ಸುತ್ತಿಕೊಂಡು ಗರಸಿನ ಮೇಲೆ ಕೂತಿತ್ತು. ಅದರ ಬಾಲ ನೀರಿನಲ್ಲಿ ಮುಳುಗಿತ್ತು.

"ತಾಯಿ, ಗೋಡೆಯ ಬೆನ್ನು ನೋಡೋಕೆ ಬಂದೆ."

"ಕೊಡ್ತೀನಿ ಮಾತು, ಮೊದಲು ಮಾಡಿಕೊಡು ಕೆಲಸ" ಅಂತು ಹಾವು. "ನಿಮ್ಮ ಹೆಂಗಸರು ತುಂಬಿದ ಗರಸಿನಲ್ಲಿ ನೂರು ವರ್ಷ ಬೆಚ್ಚಗಿದ್ದೆವು. ಒಂದು ದಿನ ನೀರು ನಿಂತದ್ದಿಲ್ಲ. ಈಗ ನೋಡು, ಮೊಟ್ಟೆಗೆ ನೀರು ಬಂತು. ನನಗೆ ಕೈಯಿಲ್ಲ. ನಿನಗಿದೆ."

ಈರಕ್ಕ ಬುಟ್ಟಿಗೆ ಒಂದಿಷ್ಟು ಹುಲ್ಲು ಹಾಸಿ, ಕಣ್ಣು ಮುಚ್ಚಿ ಒಳಗಿಳಿಸಿದಳು. ಒಂದು, ಎರಡು, ಮೂರು ಅಂತ ಹನ್ನೊಂದು ಮೊಟ್ಟೆ ಎತ್ತಿ ಬುಟ್ಟಿಯ ಹುಲ್ಲಿನ ಮೇಲಿಟ್ಟಳು. ಹಾವು ತಾನೂ ಬುಟ್ಟಿಗೆ ಹತ್ತಿ ಸುರುಳಿ ಸುತ್ತಿತು. ಅವಳು ಆ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಕೂಸು ಹೊತ್ತವಳ ಹಾಗೆ ಮೆಲ್ಲಗೆ ಗುಡ್ಡ ಹತ್ತಿ, ಒಣಗಿದ ಹುತ್ತದ ಬಾಯಲ್ಲಿ ಇಳಿಸಿದಳು.

"ಕೇಳು ಮಗಳೇ" ಅಂತು ಹಾವು. "ಗೋಡೆಯ ಬೆನ್ನಲ್ಲಿ ಒಂದಾಳುದ್ದ ನೀರು ನಿಂತಿದೆ. ತಳ್ಳುತ್ತಿರುವುದು ಕೆರೆಯಲ್ಲ, ಹೋಗಲು ದಾರಿ ಇಲ್ಲದ ನೀರು. ನಾಳೆ ಸಂಜೆಯೊಳಗೆ ಗೋಡೆ ಬೀಳುತ್ತದೆ. ಊರು ಜಾರುತ್ತದೆ, ಕೆರೆ ತುಂಬಿ ಮುಚ್ಚಿಹೋಗುತ್ತದೆ. ಆ ಮಾಂತ್ರಿಕನಿಗೆ ಬೇಕಾದದ್ದೂ ಅದೇ. ನೀರಿಲ್ಲದ ಬಿಳಿ ಬಯಲು. ಅಲ್ಲಿ ಅವನೊಬ್ಬನೇ ರಾಜ."

ಆಗ ಈರಕ್ಕನಿಗೆ ಎಲ್ಲ ತಿಳಿಯಿತು. ಗಂಡನನ್ನು ಬಿಡಿಸುವುದೂ ಊರನ್ನು ಉಳಿಸುವುದೂ ಒಂದೇ ಕೆಲಸ.

ಮಾರನೆಯ ದಿನ ಮಧ್ಯಾಹ್ನ ಬಿಳಿ ಗೋಡೆ ತೋರಿಸಲು ದೊರೆ ಬೀಗರನ್ನು ಕರೆಸಿದ್ದ. ದಂಡೆಯಲ್ಲಿ ಜನವೋ ಜನ. ಧವಳಾಂಗ ಎತ್ತರದ ಒಣ ಹಲಗೆಯ ಮೇಲೆ, ಕೊಡೆ ಹಿಡಿದು ನಿಂತಿದ್ದ. ಅಷ್ಟರಲ್ಲಿ ಈರಕ್ಕ ಹುಣಸೆರಸದ ಗಡಿಗೆ ಸೊಂಟದ ಮೇಲೆ, ಚಕ್ಕೆಯ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಬಂದಳು.

"ದೊರೆಯೇ, ಈ ಗೋಡೆಯಲ್ಲಿ ಏಳು ಜನ ಕಲ್ಲಾಗಿ ಕೂತಿದ್ದಾರೆ. ನಮ್ಮವರನ್ನು ಎಳೆದುಕೊಳ್ಳುತ್ತೇನೆ."

"ಹುಚ್ಚಿ!" ಅಂತ ಕೂಗಿದ ಧವಳಾಂಗ. "ಗೋಡೆ ಮೊದಲೇ ಹೊಟ್ಟೆ ಬಿಟ್ಟಿದೆ. ಬುಡದ ಕಲ್ಲು ಕಿತ್ತರೆ ನಿಂತೀತೇ? ಊರೇ ಉರುಳುತ್ತದೆ! ಹಿಡಿಯಿರಿ ಅವಳನ್ನು!"

ಜನ "ಬೇಡ ಬೇಡ" ಅಂದರು. ತಪ್ಪೇನಿಲ್ಲ, ಬೀಳುವ ಗೋಡೆಯ ಬುಡದ ಕಲ್ಲು ಕೀಳುತ್ತೇನೆ ಅಂದರೆ ಯಾರು ತಾನೆ ಒಪ್ಪುತ್ತಾರೆ? ಭಟರು ಮುಂದೆ ಬಂದರು.

"ಬುದ್ಧೀ, ಒಂದು ಮಾತು" ಅಂತ ಮೇಲಿನಿಂದ ದನಿ ಬಂತು. ಗೋಡೆಯ ನೆತ್ತಿಯ ಮೇಲೆ, ಸರಿಯಾಗಿ ಹೊಟ್ಟೆ ಬಿಟ್ಟ ಜಾಗದಲ್ಲಿ, ಮಾಳಮ್ಮ ಕಾಲು ಇಳಿಬಿಟ್ಟು ಕೂತಿದ್ದಳು. ಎಲೆಅಡಿಕೆ ಚೀಲ ಮಡಿಲಲ್ಲಿತ್ತು. "ಗೋಡೆ ಬಿದ್ದರೆ ಮೊದಲು ಬೀಳೋಳು ನಾನು. ನನ್ನ ಸೊಸೆ ನನ್ನನ್ನ ಕೆಡವೋಳಲ್ಲ. ಗೋಡೆಯ ಮುಖ ನೀವೆಲ್ಲ ನೋಡಿದ್ದೀರಿ. ಬೆನ್ನು ನೋಡಿದೋರು ನಾವು."

ದೊರೆ ಗೋಡೆ ನೋಡಿದ. ಮುದುಕಿಯನ್ನು ನೋಡಿದ. ಬೀಗರನ್ನು ನೋಡಿದ. ಏನನ್ನಿಸಿತೋ, ಮೆಟ್ಟಿಲು ಹತ್ತಿ ಹೋಗಿ, "ಅಮ್ಮಾ, ಸ್ವಲ್ಪ ಆ ಕಡೆ ಸರಿ, ನನಗೂ ಜಾಗ ಬಿಡು" ಅಂತ ಅವಳ ಪಕ್ಕದಲ್ಲೇ ಕೂತ. ಮಾಳಮ್ಮ ತಡಕಾಡಿ ಅವನ ಕೈಗೆ ಒಂದು ಎಲೆ ಕೊಟ್ಟಳು. "ಎಲೆ ಹಾಕೋ ಮಗಾ. ಹೆದರಿಕೆ ಕಡಿಮೆಯಾಗುತ್ತೆ." ಭಟರು ಹಿಂದೆ ಸರಿದರು.

ಈರಕ್ಕ ಒಂದೊಂದೇ ಗಂಡಿಯ ಜಾಗಕ್ಕೆ ಹುಣಸೆರಸ ಸುರಿದಳು. ಗಾರೆ ಬುರಬುರ ನೊರೆ ಎದ್ದು ಕರಗಿ ಇಳಿಯಿತು. ಏಳು ಕಲ್ಲು ಕಂಡವು. ಏಳೂ ಒಂದೇ ಬಣ್ಣ, ಏಳೂ ಒಂದೇ ಗಾತ್ರ. ಅವಳು ಯಾವುದನ್ನೂ ಮುಟ್ಟಲಿಲ್ಲ. ಬುಟ್ಟಿಯಿಂದ ಒಂದು ತೆಳು ಚಕ್ಕೆ ತೆಗೆದು ಹಿಡಿದುಕೊಂಡಳು.

ಮೊದಲನೆಯ ಕಲ್ಲು ಸಮನಾಗಿ ಕೂತಿತ್ತು. ಅವರಲ್ಲ. ಎರಡನೆಯದೂ ಸಮ. ಅವರಲ್ಲ. ಮೂರನೆಯದು ಎಡಕ್ಕೆ ವಾಲಿತ್ತು, ಕೆಳಗೆ ಹೆಬ್ಬೆರಳಷ್ಟು ಸಂದಿ. ಬೆರಳು ತಾಗದ ಹಾಗೆ ಚಕ್ಕೆಯನ್ನು ಸಂದಿಗೆ ಕೊಟ್ಟು ಕಿವಿಯಿಟ್ಟಳು. ಕಲ್ಲು ಸುಮ್ಮನಿತ್ತು. ಮೇಲಿನಿಂದ ಒಂದು ಹಿಡಿ ಮಣ್ಣು ಉದುರಿತು. ಜನ ಕಿರುಚಿದರು. "ಎಳೆಯೇ, ಅದೇ ಇರಬೇಕು, ಬೇಗ ಎಳೆ!" ಅಂತ ಯಾರೋ ಕೂಗಿದರು. ಅವಳು ಚಕ್ಕೆ ವಾಪಸು ತೆಗೆದುಕೊಂಡಳು. ಅವರಲ್ಲ. ನಾಲ್ಕನೆಯದು ಸಮ.

ಐದನೆಯದು ಎಡಕ್ಕೆ ವಾಲಿತ್ತು. ಈರಕ್ಕ ಚಕ್ಕೆಯನ್ನು ಸಂದಿಗೆ ಕೊಟ್ಟಳು.

ಕಲ್ಲಿನೊಳಗಿಂದ, ಬಾವಿಯ ತಳದಿಂದ ಬಂದ ಹಾಗೆ, ಸಣ್ಣದೊಂದು ದನಿ ಕೇಳಿತು.

"ಹ್ಞೂಂ."

"ಇವರೇ!" ಅಂತ ಈರಕ್ಕ ಎರಡೂ ಕೈಯಲ್ಲಿ ಕಲ್ಲನ್ನು ತಬ್ಬಿ ಹಿಡಿದು ಎಳೆದಳು. ಧವಳಾಂಗನಿಗೆ ನೀರಿನ ಭಯ ಮರೆತೇಹೋಯಿತು. ಕೊಡೆ ಎಸೆದು, ಹಲಗೆಯಿಂದ ಪಾದದ ಕಲ್ಲುಗಳ ಮೇಲೆ ಹಾರಿ ಬಂದು, ಬಗ್ಗಿ, ಅದೇ ಕಲ್ಲನ್ನು ಎರಡೂ ಅಂಗೈಯಿಂದ ಒಳಗೆ ಒತ್ತಿದ. ಅವನು ಒಳಗೆ ಒತ್ತಿದ, ಇವಳು ಹೊರಗೆ ಎಳೆದಳು. ಕಲ್ಲು ಯಾರ ಮಾತು ಕೇಳಬೇಕೋ ಅವರ ಮಾತು ಕೇಳಿತು. ಜಾರಿ ಈರಕ್ಕನ ಮಡಿಲಿಗೆ ಬಂತು. ಅದರ ಹಿಂದೆಯೇ, ಇಷ್ಟು ದಿನ ಕಟ್ಟಿಕೊಂಡಿದ್ದ ಗುಡ್ಡದ ನೀರೆಲ್ಲ ಭರ್ರೆಂದು ನುಗ್ಗಿತು, ಸೀದಾ ಮಾಂತ್ರಿಕನ ಎದೆಗೆ.

ಅವನು ಮನುಷ್ಯನೇ ಅಲ್ಲ, ಸುಟ್ಟ ಸುಣ್ಣದ ಗೊಂಬೆ! ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಏನಾಗುತ್ತದೆ ಅಂತ ಮನೆಮನೆಗೂ ಗೊತ್ತಲ್ಲ? ಚೊರ್ ಅಂದ, ಕೊತಕೊತ ಕುದಿದ, ಹಬೆಯಾದ, ಅರಳಿದ, ಮೆತ್ತಗಾದ. ಒಂದು ಗುಡ್ಡೆ ಸುಣ್ಣವಾಗಿ ಅಲ್ಲೇ ಕೂತುಬಿಟ್ಟ.

ಮಾಯೆ ಬಿಟ್ಟಿತು. ಉಳಿದ ಆರು ಕಲ್ಲುಗಳೂ ಬಾಟಲಿಯ ಬಿರಡೆಯ ಹಾಗೆ ಪಟಪಟ ಹೊರಬಿದ್ದು ಮನುಷ್ಯರಾದವು. ಆರೂ ಜನ ಕೆಮ್ಮುತ್ತ ಸೀನುತ್ತ ಎದ್ದು ಕೂತರು. ಏಳು ಗಂಡಿಯಿಂದ ಏಳು ಧಾರೆ. ಗೋಡೆ ಒಮ್ಮೆ ಗಡಗಡ ಅಂತು. ದೊರೆ ಮಾಳಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಗೋಡೆ, ಹೊರೆ ಇಳಿಸಿದವರು ಉಸಿರು ಬಿಡುವ ಹಾಗೆ, ಸುಮ್ಮನೆ ನಿಂತಿತು.

ಈರಕ್ಕನ ಮಡಿಲಲ್ಲಿ ಕಲ್ಲು ಇರಲಿಲ್ಲ. ಭರಮಣ್ಣನ ತಲೆ ಇತ್ತು. ಮೀಸೆಯ ತುಂಬ ಸುಣ್ಣ. ಅವನು ಕಣ್ಣು ಬಿಟ್ಟು, "ಚಪ್ಪಲಿ ಎಲ್ಲಿ?" ಅಂದ.

ಅವಳು ನಕ್ಕಳೋ ಅತ್ತಳೋ, ಗೊತ್ತಾಗಲಿಲ್ಲ. ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಅಷ್ಟು ದಿನವೂ ಅದನ್ನು ಕಟ್ಟಿಕೊಂಡೇ ತಿರುಗಿದ್ದಳು.

ಮೂರು ದಿನ ನೀರು ಹರಿಯಿತು. ಬಾಗಿಲುಗಳು ಮುಚ್ಚಿದವು, ಚೊಂಬುಗಳು ಇಟ್ಟಲ್ಲಿ ನಿಂತವು. ಆದರೆ ಹೊಟ್ಟೆ ಬಿಟ್ಟ ಗೋಡೆ ತಾನಾಗಿ ಒಳಗೆ ಹೋಗುವುದಿಲ್ಲ. ಆ ಭಾಗವನ್ನು ಬಿಚ್ಚಿ, ಈ ಸಲ ಗುಡ್ಡದ ಕಡೆಗೆ ಸ್ವಲ್ಪ ಒರಗಿಸಿ, ಹೊಸದಾಗಿ ಕಟ್ಟಿದರು. ಏಳು ಜನ ಗಂಡಸರು ಮುಖಕ್ಕೆ, ಅವರ ಏಳು ಜನ ಹೆಂಡಿರು ಬೆನ್ನಿಗೆ. ಗುಣವಂತರಾಯನೂ ಪಂಚೆ ಎತ್ತಿ ಕಟ್ಟಿ, ಒಂದು ದಿನವೆಲ್ಲ ಬುಟ್ಟಿಯಲ್ಲಿ ಗರಸು ಹೊತ್ತ. ಗೋಡೆಯ ಬೆನ್ನು ನೋಡಿದ ಮೊದಲ ದೊರೆ ಅವನೇ. ಪ್ರತಿ ವರ್ಷ ಮೊದಲ ಮಳೆ ಬಿದ್ದಾಗ ಊರಿನ ಹೆಂಗಸರು ಏಳು ಗಂಡಿಗಳ ಕಸ ತೆಗೆಯಬೇಕು, ಅವರಿಗೆ ಅರಮನೆಯಿಂದಲೇ ಹೋಳಿಗೆ ಊಟ ಅಂತ ಡಂಗುರ ಸಾರಿಸಿದ. ಧವಳಾಂಗನ ಸುಣ್ಣವನ್ನು ಮಾತ್ರ ಯಾರೂ ಎಲೆಗೆ ಹಚ್ಚಿಕೊಳ್ಳಲಿಲ್ಲ. ಕೆರೆಯೇ ಅದನ್ನು ದಿನಕ್ಕೊಂದಿಷ್ಟು ತೊಳೆದುಕೊಂಡು ಹೋಯಿತು.

ಬೀಗರಾಜ ಹೊರಡುವಾಗ ಚೇಷ್ಟೆ ಬಿಡಲಿಲ್ಲ. "ಮತ್ತೆ ನೆಗಡಿ ಶುರುವಾಯಿತಲ್ಲ ಬೀಗರೇ!"

"ಹೌದು ಬೀಗರೇ. ನಮ್ಮ ಗೋಡೆಗೆ ಇದೇ ಆರೋಗ್ಯ" ಅಂತ ದೊರೆಯೂ ನಕ್ಕ.

ಗೋಡೆಯ ಕೊನೆಯ ಸಾಲು ಕೂರಿಸುವ ದಿನ ಬಂತು. ಕೊಕ್ಕರೆ ತನ್ನ ಬಂಡೆಯ ಮೇಲೆ ಒಂಟಿಕಾಲಲ್ಲಿತ್ತು, ಆಮೆಮರಿಗಳು ಪಾದದ ಕಲ್ಲುಗಳ ನಡುವೆ ಆಡುತ್ತಿದ್ದವು. ಹಾವು ತನ್ನ ಹನ್ನೊಂದು ಮರಿಗಳಿಗೆ ಗರಸಿನಲ್ಲಿ ಮತ್ತೆ ಜಾಗ ಹುಡುಕುತ್ತಿತ್ತು. ಭರಮಣ್ಣ ಕಲ್ಲು ಕೂರಿಸಿ, ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿದ. ಎರಡು ಬೆರಳು. ಈರಕ್ಕ ತೆಳು ಚಕ್ಕೆ ಇಟ್ಟಳು. ಅದು ಗಟ್ಟಿಯಾಗಿ ಕೂತಿತು. "ಹ್ಞೂಂ" ಅಂದ.

ಅವನು ಮತ್ತೆ ಹಿಂದಕ್ಕೆ ಕೈ ಚಾಚಿದ. ಈ ಸಲ ಐದೂ ಬೆರಳು ಬಿಚ್ಚಿದ್ದ.

"ಐದು ಬೆರಳಿಗೆ ಯಾವ ಚಕ್ಕೆ ರೀ? ಅಷ್ಟು ದಪ್ಪದ್ದು ಬುಟ್ಟಿಯಲ್ಲೇ ಇಲ್ಲ" ಅಂದಳು ಈರಕ್ಕ.

ಭರಮಣ್ಣ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಈರಕ್ಕ ಸ್ವಲ್ಪ ಹೊತ್ತು ಆ ಕೈ ನೋಡಿದಳು. ಆಮೇಲೆ ತನ್ನ ಕೈಯನ್ನೇ ಅದರೊಳಗೆ ಇಟ್ಟಳು.

"ಹ್ಞೂಂ" ಅಂದ ಭರಮಣ್ಣ, ಮತ್ತು ಒಂಬತ್ತು ವರ್ಷದಲ್ಲಿ ಮೊದಲ ಸಲ ಕೆಲಸದ ನಡುವೆ ತಿರುಗಿ ನೋಡಿದ.

ಆ ಗೋಡೆ ಇವತ್ತಿಗೂ ತೊಟ್ಟು ತೊಟ್ಟಾಗಿ ಸೋರುತ್ತಲೇ ಇದೆಯಂತೆ. ಅದು ಸೋರುವಷ್ಟು ಕಾಲ ಅಲ್ಲಿ ಅವರು ಸುಖವಾಗಿ ಇರಲಿ, ಅವರ ಕತೆ ಕೇಳಿದ ನಾವು ಇಲ್ಲಿ ಸುಖವಾಗಿ ಇರೋಣ.